ರೀಸ್ಟಾರ್ಟ್ ಮಂತ್ರ, ಫಾರ್ಮ್ಯಾಟ್ ತಂತ್ರ!



ಮನೆಯ ಕಂಪ್ಯೂಟರ್ ವೈಫೈ ಹಿಡಿಯುತ್ತಿಲ್ಲ ಎಂದು ನೀವು ಫೋನ್ ಮಾಡಿದರೆ ಸಿಗುವ ಉತ್ತರ ಎರಡೇ ಎರಡು. ಮೊದಲನೆಯದು, 'ರೀಸ್ಟಾರ್ಟ್ ಮಾಡಿ ಸಾರ್'. ಅದಕ್ಕೂ ಬಗ್ಗದಿದ್ದರೆ ಎರಡನೆಯದು, 'ಫಾರ್ಮ್ಯಾಟ್ ಹೊಡೀಬೇಕು ಸಾರ್'. ಇವೆರಡರ ನಡುವೆ ಒಂದು ಪ್ರಶ್ನೆ ಇಲ್ಲ, ಒಂದು ಪರೀಕ್ಷೆ ಇಲ್ಲ, ಏನಾಗಿದೆ ಎಂದು ಬಗ್ಗಿ ನೋಡುವ ಕನಿಷ್ಠ ಕುತೂಹಲವೂ ಇಲ್ಲ! ತಲೆನೋವು ಎಂದು ಹೋದವನಿಗೆ ಮೊದಲು 'ಮಲಗಿ ಎದ್ದೇಳು' ಎನ್ನುವ, ಆಮೇಲೆ 'ತಲೆಯನ್ನೇ ತೆಗೆಸು' ಎನ್ನುವ ಡಾಕ್ಟರನ್ನು ನಾವು ಊರಲ್ಲಿ ಇಟ್ಟುಕೊಳ್ಳುತ್ತೇವೆಯೇ? ಇವರನ್ನು ಮಾತ್ರ ತಿಂಗಳು ತಿಂಗಳು ದುಡ್ಡು ಕೊಟ್ಟು ಸಾಕುತ್ತಿದ್ದೇವೆ.

ನಾನು ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ನಿಂತವನು. ಕಾಟನ್‌ಪೇಟೆಯಲ್ಲಿ ಸಣ್ಣದೊಂದು ಆಫ್‌ಸೆಟ್ ಪ್ರೆಸ್ಸು, ಲಗ್ಗೆರೆಯಲ್ಲಿ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮನೆ. ಹಗಲೆಲ್ಲ ಮಿಷಿನ್ ಮುಂದೆ ನಿಲ್ಲುವವನಿಗೆ ಡಿಟಿಪಿ ಕೆಲಸಕ್ಕೆ ಸಿಗುವುದು ರಾತ್ರಿಯೇ. ಆದ್ದರಿಂದ ಮನೆಯಲ್ಲೂ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಒಳಗಡೆ ವೈಫೈ ಕಾರ್ಡ್ ಇಲ್ಲ. ಸಿಪಿಯು ಹಿಂಬದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಡಾಂಗಲ್ ಒಂದನ್ನು ಚುಚ್ಚಿದ್ದೇನೆ. ರೂಟರ್ ಹಾಲಿನಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ನಾಲ್ಕು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು.

2024ರ ಜೂನ್ ತಿಂಗಳಲ್ಲಿ ಅದು ಸತಾಯಿಸತೊಡಗಿತು. ವೈಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಒಪ್ಪುತ್ತದೆ, ಎರಡು ನಿಮಿಷ ಓಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಮತ್ತೆ ಹತ್ತಿಕೊಳ್ಳುತ್ತದೆ, ಮತ್ತೆ ಬೀಳುತ್ತದೆ. ಆಗ ನನ್ನ ಕೈಯಲ್ಲಿದ್ದದ್ದು ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕ. ತಮ್ಮೂರಿನ ಕೆರೆ, ಕಟ್ಟೆ, ಗುಡಿ, ವೀರಗಲ್ಲುಗಳ ಬಗ್ಗೆ ಇಪ್ಪತ್ತು ವರ್ಷ ಓಡಾಡಿ ಬರೆದ 212 ಪುಟ. ಮೇಷ್ಟ್ರು ಮೈಸೂರಿನ ಮಗಳ ಮನೆಯಲ್ಲಿದ್ದರು. ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ನಾನು ಇಲ್ಲಿಂದ ಪ್ರೂಫ್ ಕಳಿಸಬೇಕು, ಅವರ ಮೊಮ್ಮಗಳು ಪ್ರಿಂಟ್ ತೆಗೆದುಕೊಡಬೇಕು, ಅವರು ಭೂತಗನ್ನಡಿ ಹಿಡಿದು ತಿದ್ದಬೇಕು. ಎರಡು ಪ್ರೂಫ್ ಮುಗಿದಿತ್ತು, ಮೂರನೆಯದು ನಡೆದಿತ್ತು. ಪುಸ್ತಕದ ಬಿಡುಗಡೆಗೆ ದಿನವೂ ಗೊತ್ತಾಗಿತ್ತು.

ಹನ್ನೊಂದು ದಿನ ಒದ್ದಾಡಿದೆ. ಒಂಬತ್ತು ಸಲ ಕಂಪನಿಗೆ ಫೋನ್ ಮಾಡಿದೆ. ಒಂಬತ್ತು ಸಲವೂ ಅದೇ ಮಂತ್ರ: ರೂಟರ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ. ಐದನೆಯ ದಿನ ಕಂಪನಿಯ ಹುಡುಗ ಬಂದ. ಹಾಲಿನಲ್ಲಿ ರೂಟರ್ ಪಕ್ಕವೇ ನಿಂತು ತನ್ನ ಫೋನ್ ತೆಗೆದು ಸ್ಪೀಡ್ ನೋಡಿದ. 'ನೋಡಿ ಸಾರ್, ತೊಂಬತ್ತು ಬರ್ತಾ ಇದೆ, ನಮ್ ಕಡೆಯಿಂದ ಕ್ಲಿಯರ್, ನಿಮ್ ಕಂಪ್ಯೂಟರ್ ಪ್ರಾಬ್ಲಮ್' ಎಂದ. ಕೋಣೆಯೊಳಗೆ ಬಂದು ನೋಡಪ್ಪಾ ಎಂದರೆ 'ಅದು ನಮಗೆ ಬರಲ್ಲ ಸಾರ್' ಎಂದು ಬೈಕ್ ಹತ್ತಿದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವತ್ತು ಅವನ ಪಟ್ಟಿಯಲ್ಲಿ ಇನ್ನೂ ಎಷ್ಟು ಮನೆ ಇತ್ತೋ! ಆದರೆ ಅವನು ಗೇಟು ದಾಟುವ ಮೊದಲೇ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ! ಯಾರ ಯಶಸ್ಸು ಸ್ವಾಮಿ?

ಆಮೇಲೆ ಮೇನ್ ರೋಡಿನ ಕಂಪ್ಯೂಟರ್ ರಿಪೇರಿ ಅಂಗಡಿ. ಅವನು ಮನೆಗೆ ಬಂದದ್ದಕ್ಕೆ 300 ರೂಪಾಯಿ ತೆಗೆದುಕೊಂಡ. ಡಾಂಗಲ್ ಹೋಗಿದೆ ಎಂದು 650 ರೂಪಾಯಿಯ ಹೊಸದನ್ನು ಚುಚ್ಚಿದ. ಎರಡು ನಿಮಿಷ ಓಡಿತು. ಅವನು ಹೋದ, ಅದೂ ಹೋಯಿತು. ಮಾರನೆಯ ದಿನ ಬಂದು 'ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಲೇಬೇಕು, ಸಿ ಡ್ರೈವ್ ಮಾತ್ರ ಹೋಗುತ್ತೆ, ಡಿ ಸೇಫು' ಎಂದು ಹೇಳಿ ಸಿಪಿಯು ಎತ್ತಿಕೊಂಡು ಹೋದ. ಇನ್ನು 800 ರೂಪಾಯಿ.

ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲ ಸಿ ಡ್ರೈವಿನಲ್ಲೇ ಇರುತ್ತದೆ ಎಂದು ಅವನು ನನಗೆ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆರು ತಿಂಗಳ ಕೆಲಸವನ್ನು ನಾನು ಡೆಸ್ಕ್‌ಟಾಪಿನ ಮೇಲೇ ಹರವಿಕೊಂಡಿದ್ದೆ. ಮದುವೆ ಕಾರ್ಡುಗಳು, ಶಾಲೆಯ ಮಾರ್ಕ್ಸ್ ಕಾರ್ಡು, ಗಣೇಶೋತ್ಸವದ ರಸೀದಿ ಪುಸ್ತಕ, ಎಲ್ಲಕ್ಕಿಂತ ಮೇಲಾಗಿ ಮೇಷ್ಟ್ರು ಎರಡು ಸಲ ತಿದ್ದಿದ 212 ಪುಟ. ಎಲ್ಲ ಒರೆಸಿ ಗುಡಿಸಿ ಸಾಫ್! ಹಳೆಯ ಕನ್ನಡ ಫಾಂಟುಗಳೂ ಅದರ ಜೊತೆಗೇ ಹೋದವು. ನನ್ನ ಹತ್ತಿರ ಉಳಿದದ್ದು ತಿದ್ದುವುದಕ್ಕೆ ಮುಂಚಿನ ಹಳೇ ಪ್ರತಿ. ಅದನ್ನು ತೆರೆದರೆ ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಇಂಗ್ಲಿಷ್ ಕಸದ ರಾಶಿಯಂತೆ ಬಿದ್ದಿದ್ದವು. ವೀರಗಲ್ಲಿನ ಶಾಸನ ಓದಿದ ಮನುಷ್ಯನ ಬರಹ ನನ್ನ ಮನೆಯಲ್ಲಿ ಓದಲಾಗದ ಶಾಸನವಾಗಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಈ ವಿಷಯ ಹೇಳಿದಾಗ ಅವರು ಬೈಯಲಿಲ್ಲ. 'ಮತ್ತೆ ಓದೋಣ ಬಿಡಪ್ಪ' ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ತಮಾಷೆ ಕೇಳಿ. ಅಂಗಡಿಯಲ್ಲಿ ಕಂಪ್ಯೂಟರ್ ಓಡಿತು. 'ನೋಡಿ ಸಾರ್, ಈಗ ಹೆಂಗಿದೆ' ಎಂದು ಎದೆ ತಟ್ಟಿಕೊಂಡ. ಮನೆಗೆ ತಂದೆ. ಒಂದು ಗಂಟೆ ಓಡಿತು. ಉಳಿದದ್ದನ್ನಾದರೂ ತುಂಬಿಕೊಳ್ಳೋಣ ಎಂದು ಬ್ಯಾಕಪ್ ಹಾರ್ಡ್‌ಡಿಸ್ಕಿನ ವೈರನ್ನು ಹಿಂಬದಿಗೆ ಚುಚ್ಚಿದೆ. ಫೈಲುಗಳು ಒಳಗೆ ಇಳಿಯತೊಡಗಿದವು, ವೈಫೈ ಬಿತ್ತು! ವೈರ್ ಕಿತ್ತೆ, ವೈಫೈ ಎದ್ದಿತು. ಮತ್ತೆ ಚುಚ್ಚಿದೆ, ಬಿತ್ತು. ಮೂರು ಸಲ ಮಾಡಿದೆ. ನನ್ನ ಹೆಂಡತಿಯನ್ನು ಕರೆದು ಅವಳ ಕೈಯಲ್ಲೂ ಮಾಡಿಸಿದೆ. ಆ ಹಾರ್ಡ್‌ಡಿಸ್ಕನ್ನು ನಾನು ಕೊಂಡಿದ್ದು ಅದೇ ಜೂನ್ ತಿಂಗಳಲ್ಲಿ. ಕೊಂಡ ದಿನದಿಂದ ಅದು ಡಾಂಗಲ್ಲಿನ ಮಗ್ಗುಲಲ್ಲೇ ಅಂಟಿಕೊಂಡು ಕೂತಿತ್ತು. ಹೊಸ ಡಾಂಗಲ್ ಚುಚ್ಚಿದ ಮಹಾಶಯನೂ ಅದೇ ತೂತಿಗೆ ಚುಚ್ಚಿದ್ದ.

ಇದು ದೆವ್ವದ ಕಾಟವಲ್ಲ, ನನ್ನೊಬ್ಬನ ಗ್ರಹಚಾರವೂ ಅಲ್ಲ. ಯುಎಸ್‌ಬಿ 3 ಎಂಬ ವೇಗದ ಕನೆಕ್ಷನ್ ಕೆಲಸ ಮಾಡುವಾಗ ಅದರ ವೈರು, ಅದರ ತೂತು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಹಳೆಯ ವೈಫೈ ಡಾಂಗಲ್‌ಗಳು ಮಾತಾಡುವುದೂ ಅದೇ 2.4ರಲ್ಲಿ. ಕಿವಿಯ ಪಕ್ಕ ತಮಟೆ ಬಾರಿಸಿದರೆ ದೂರದವನ ಮಾತು ಕೇಳುತ್ತದೆಯೇ? ಈ ಸಂಗತಿಯನ್ನು ಇಂಟೆಲ್ ಕಂಪನಿ 2012ರಲ್ಲೇ ಬರೆದು ಪ್ರಕಟಿಸಿದೆ. ನಾನು ಒದ್ದಾಡುವ ಹೊತ್ತಿಗೆ ಅದಕ್ಕೆ ಹನ್ನೆರಡು ವರ್ಷ ವಯಸ್ಸಾಗಿತ್ತು! ಪರಿಹಾರ? ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು, 120 ರೂಪಾಯಿ. ಅದರ ತುದಿಗೆ ಡಾಂಗಲ್ ಹಾಕಿ ಮೇಜಿನ ಮೇಲಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಬಿದ್ದಿಲ್ಲ. ಅದಕ್ಕೆ ಮೊದಲು ನಾನು ಸುರಿದದ್ದು 1,750 ರೂಪಾಯಿ ಮತ್ತು ಒಬ್ಬ ಮುದುಕರ ಕಣ್ಣು.

'ಸಿಪಿಯು ಹಿಂದೆ ಏನೇನು ಚುಚ್ಚಿದ್ದೀರಿ? ಹೊಸದಾಗಿ ಏನು ತಂದಿರಿ?' — ಒಂಬತ್ತು ಫೋನು, ಮೂರು ಭೇಟಿಗಳಲ್ಲಿ ಈ ಪ್ರಶ್ನೆಯನ್ನು ಒಬ್ಬನೇ ಒಬ್ಬ ಕೇಳಿದ್ದರೆ ಸಾಕಿತ್ತು.

ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಮಸುಕಾದರೆ ನಾವು ಮಿಷಿನ್ ಬದಲಾಯಿಸುವುದಿಲ್ಲ. ಇಂಕು ನೋಡುತ್ತೇವೆ, ನೀರು ನೋಡುತ್ತೇವೆ, ಬ್ಲಾಂಕೆಟ್ ಒರೆಸಿ ನೋಡುತ್ತೇವೆ, ಪ್ಲೇಟ್ ನೋಡುತ್ತೇವೆ, ಪೇಪರ್ ಬದಲಿಸಿ ಒಂದು ಶೀಟ್ ಬಿಟ್ಟು ನೋಡುತ್ತೇವೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಂಟನೇ ಕ್ಲಾಸು ಓದಿದ ನಮ್ಮ ಮಿಷಿನ್‌ಮನ್‌ಗೆ ಇದು ಗೊತ್ತು. ದೊಡ್ಡ ದೊಡ್ಡ ಗಾಜಿನ ಕಟ್ಟಡಗಳಲ್ಲಿ ಹೆಡ್‌ಫೋನ್ ಹಾಕಿ ಕೂತವರಿಗೆ ಗೊತ್ತಿಲ್ಲವೇ? ಗೊತ್ತಿರಬಹುದು. ಆದರೆ ಅವರ ಮುಂದೆ ಒಂದು ಚೀಟಿ ಇದೆ, ಆ ಚೀಟಿ ಬಿಟ್ಟು ಆಚೆ ಹೋಗುವಂತಿಲ್ಲ.

ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಹೋಗುತ್ತದೆ. ರೂಟರಿನ ತಲೆಯಲ್ಲಿ ತುಂಬಿದ್ದು ಖಾಲಿಯಾಗುತ್ತದೆ, ಕಂಪ್ಯೂಟರಿಗೆ ವಿಳಾಸ ಹೊಸದಾಗಿ ಸಿಗುತ್ತದೆ, ಚಾನೆಲ್ಲನ್ನು ತಾನೇ ಆರಿಸಿಕೊಳ್ಳುವ ರೂಟರ್ ಆದರೆ ಗದ್ದಲ ಕಡಿಮೆ ಇರುವ ಕಡೆ ಸರಿದು ಕೂರುತ್ತದೆ. ಒಂದು ಸಲ ಮಾಡಿ, ತಪ್ಪೇನಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ರೀಸ್ಟಾರ್ಟ್ ಮಾಡಬೇಕಾದ ಸ್ಥಿತಿ ಬಂದರೆ ಅಲ್ಲೊಂದು ರೋಗವಿದೆ. ರೋಗ ಏನೆಂದು ತಿಳಿಸುವ ಗುರುತುಗಳನ್ನು ಪ್ರತಿ ರೀಸ್ಟಾರ್ಟೂ ಅಳಿಸಿಹಾಕುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲು ಗುಡಿಸಿ ಸಾರಿಸಿದ ಹಾಗೆ!

ಇದೆಲ್ಲದರ ಬೇರು ಒಂದು ಗೊಂದಲ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಕಾವೇರಿ ನೀರು ಬೀದಿಯ ಪೈಪಿನಿಂದ ನಿಮ್ಮ ಸಂಪಿಗೆ ಬರುವುದು ಒಂದು ದಾರಿ. ಸಂಪಿನಿಂದ ನಿಮ್ಮ ಬಚ್ಚಲ ನಲ್ಲಿಗೆ ಬರುವುದು ಇನ್ನೊಂದು ದಾರಿ. ಕಂಪನಿಯ ಫೈಬರ್ ರೂಟರಿಗೆ ಬಂದು ಮುಟ್ಟುವುದು ಮೊದಲ ದಾರಿ. ರೂಟರಿನಿಂದ ನಿಮ್ಮ ಕಂಪ್ಯೂಟರಿಗೆ ಗಾಳಿಯಲ್ಲಿ ಬರುವುದೇ ವೈಫೈ, ಅದು ಎರಡನೆಯದು. ಸಂಪು ತುಂಬಿದ್ದರೂ ಮೋಟರ್ ಕೆಟ್ಟರೆ ನಲ್ಲಿಯಲ್ಲಿ ನೀರಿಲ್ಲ. ಮೋಟರ್ ಸರಿಯಿದ್ದರೂ ಬೀದಿಯಲ್ಲಿ ಪೈಪ್ ಒಡೆದಿದ್ದರೆ ನೀರಿಲ್ಲ. ಎರಡಕ್ಕೂ ನಾವು 'ನೆಟ್ ಇಲ್ಲ' ಎಂಬ ಒಂದೇ ಮಾತು ಹೇಳುತ್ತೇವೆ. ನಮ್ಮ ಈ ಒಂದು ಮಾತನ್ನು ಹಿಡಿದುಕೊಂಡು ಕಂಪನಿಯವನು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾನೆ, ಕಂಪ್ಯೂಟರಿನವನು ಕಂಪನಿಯ ಕಡೆ ಕೈ ತೋರಿಸುತ್ತಾನೆ. ನಡುವೆ ನಿಂತ ನಮಗೆ ಪಂಗನಾಮ!

ಯಾವ ದಾರಿ ಕೆಟ್ಟಿದೆ ಎಂದು ಕಂಡುಹಿಡಿಯುವುದು ಬ್ರಹ್ಮವಿದ್ಯೆಯಲ್ಲ. ಮೊದಲು ಕಣ್ಣಿಂದ ನೋಡಿ. ಫೈಬರ್ ಡಬ್ಬಿಯ ಮೇಲೆ ಎಲ್‌ಓಎಸ್ ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಬೀದಿಯಿಂದ ಬೆಳಕು ಬರುತ್ತಿಲ್ಲ ಎಂದರ್ಥ. ನಿಮ್ಮ ಕಂಪ್ಯೂಟರನ್ನು ಯಾರೂ ಮುಟ್ಟುವಂತಿಲ್ಲ, ಕಂಪನಿಯವನು ಬಂದು ಫೈಬರ್ ಜೋಡಿಸಲೇಬೇಕು. ಆ ದೀಪ ಕೆಂಪಗಿಲ್ಲವೇ? ಹಾಗಾದರೆ ಫೋನ್ ಹಿಡಿದುಕೊಂಡು ಕಂಪ್ಯೂಟರ್ ಇರುವ ಜಾಗಕ್ಕೇ ಹೋಗಿ, ಸಿಮ್ಮಿನ ಡೇಟಾ ಆಫ್ ಮಾಡಿ, ವೈಫೈಯಲ್ಲಿ ನೋಡಿ. ನೆನಪಿಡಿ, ಕಂಪ್ಯೂಟರ್ ಇರುವ ಜಾಗ, ರೂಟರಿನ ಪಕ್ಕವಲ್ಲ! ಫೋನ್ ಓಡಿದರೆ, ಕಂಪ್ಯೂಟರ್ ಓಡದಿದ್ದರೆ ಹುಡುಕಬೇಕಾದದ್ದು ಕಂಪ್ಯೂಟರಿನ ಕಡೆ. ಇಲ್ಲೂ ಒಂದು ಮೋಸವಿದೆ. ಈಗಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬೇರೆ ಬೇರೆ ಅಲೆಗಳಲ್ಲಿ ಒಂದೇ ಹೆಸರಿನಿಂದ ಮಾತಾಡುತ್ತವೆ. ಕಂಪನಿಯ ಹುಡುಗನ ಫೋನ್ ಐದರಲ್ಲಿ ಓಡುತ್ತಿತ್ತು, ನನ್ನ ಡಾಂಗಲ್ಲಿಗೆ ಬರುವುದು 2.4 ಮಾತ್ರ. ಅವನ 'ತೊಂಬತ್ತು' ನನ್ನ ರೋಗಕ್ಕೆ ಸಂಬಂಧವೇ ಇಲ್ಲದ ಲೆಕ್ಕ.

ಆಮೇಲೆ ಬರುವುದು ಎಲ್ಲ ವಿಂಡೋಸ್ ಕಂಪ್ಯೂಟರಿನಲ್ಲೂ ಪುಕ್ಕಟೆ ಇರುವ ಎರಡು ಸಲಕರಣೆ. ಸ್ಟಾರ್ಟ್ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಹೆದರಬೇಡಿ. ಅಲ್ಲಿ ಐಪಿಕಾನ್ಫಿಗ್ ಎಂದು ಜಾಗ ಬಿಡದೆ ಹೊಡೆಯಿರಿ: ಐ-ಪಿ-ಸಿ-ಓ-ಎನ್-ಎಫ್-ಐ-ಜಿ. ಕಂಪ್ಯೂಟರಿನ ವಿಳಾಸ ಅಂಕಿಗಳಲ್ಲಿ ಬರುತ್ತದೆ. ಮನೆಗಳಲ್ಲಿ ಅದು ಹೆಚ್ಚಾಗಿ 192.168 ಎಂದು ಶುರುವಾಗುತ್ತದೆ. ಅದರ ಕೆಳಗೆ ಡೀಫಾಲ್ಟ್ ಗೇಟ್‌ವೇ ಎಂದು ಇನ್ನೊಂದು ವಿಳಾಸ ಇರುತ್ತದೆ, ಅದೇ ನಿಮ್ಮ ರೂಟರ್. ಒಂದು ವೇಳೆ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ, 'ರೂಟರ್ ನನಗೆ ಮನೆ ನಂಬರ್ ಕೊಡಲಿಲ್ಲ, ನಾನೇ ಒಂದು ಬರೆದುಕೊಂಡೆ' ಎಂದು ಕಂಪ್ಯೂಟರ್ ಹೇಳುತ್ತಿದೆ ಎಂದರ್ಥ. ವಿಂಡೋಸ್ 98ರ ಕಾಲದಿಂದ ಅದು ಹೀಗೆ ಹೇಳುತ್ತಲೇ ಇದೆ, ಕೇಳುವವರಿಲ್ಲ. ಆಗ ವೈಫೈ ಹೆಸರನ್ನು 'ಫರ್ಗೆಟ್' ಕೊಟ್ಟು ಅಳಿಸಿ, ಪಾಸ್‌ವರ್ಡ್ ಹಾಕಿ ಹೊಸದಾಗಿ ಸೇರಿಸಿ ನೋಡಬೇಕು. ರೂಟರನ್ನು ಒಂದು ಸಲ ಆಫ್ ಆನ್ ಮಾಡಲು ನ್ಯಾಯವಾದ ಕಾರಣ ಇರುವುದೂ ಆಗಲೇ.

ವಿಳಾಸ ಸರಿಯಾಗಿದ್ದರೆ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು ರೂಟರಿನ ವಿಳಾಸ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಟಿ ಅಕ್ಷರ ಹೊಡೆಯಿರಿ. ಕಂಪ್ಯೂಟರ್ 'ಇದ್ದೀಯಾ?' ಎಂದು ಕೇಳುತ್ತಾ ಹೋಗುತ್ತದೆ, ರೂಟರ್ 'ಇದ್ದೀನಿ' ಎನ್ನುತ್ತಾ ಹೋಗುತ್ತದೆ. ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ನಡುವೆ 'ಟೈಮ್ಡ್ ಔಟ್' ಅಥವಾ 'ಅನ್‌ರೀಚಬಲ್' ಎಂಬ ಸಾಲುಗಳು ಬಿದ್ದರೆ ರೂಟರಿನ ಉತ್ತರ ನಿಮಗೆ ತಲುಪುತ್ತಿಲ್ಲ, ಅಂದರೆ ಸಾಮಾನ್ಯವಾಗಿ ತೊಂದರೆ ಮನೆಯೊಳಗಿನ ಗಾಳಿಯಲ್ಲೇ ಇದೆ. ಸಾಲೆಲ್ಲ ಸರಿಯಿದ್ದೂ ನೆಟ್ ಓಡದಿದ್ದರೆ 8.8.8.8 ಎಂಬ ಗೂಗಲ್‌ನ ವಿಳಾಸಕ್ಕೆ ಹೀಗೆಯೇ ಪಿಂಗ್ ಹೊಡೆಯಿರಿ. ಅಲ್ಲಿಂದ ಉತ್ತರ ಇಲ್ಲದಿದ್ದರೆ ತೊಂದರೆ ಸಂಪಿನ ಆಚೆಯದು, ಕಂಪನಿಯದು. ಅಲ್ಲಿಂದಲೂ ಉತ್ತರ ಬಂದು ಪುಟ ಮಾತ್ರ ತೆರೆಯದಿದ್ದರೆ, ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ಮೊದಲು ನೋಡಬೇಕು. ನಿಲ್ಲಿಸಬೇಕಾದರೆ ಕಂಟ್ರೋಲ್ ಮತ್ತು ಸಿ. ಇಷ್ಟೇ! ಈ ಪಿಂಗನ್ನು ಓಡಲು ಬಿಟ್ಟು ನಾನು ಹಾರ್ಡ್‌ಡಿಸ್ಕ್ ಚುಚ್ಚಿ ಕಿತ್ತು ನೋಡಿದ್ದು. ಚುಚ್ಚಿದಾಗ ಸಾಲು ತಪ್ಪುತ್ತಿತ್ತು, ಕಿತ್ತಾಗ ಕೂಡುತ್ತಿತ್ತು. ಸಾಕ್ಷಿ ಬೇರೆ ಬೇಕೆ?

ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ಖಡಕ್. ಒಂದು ಲ್ಯಾನ್ ವೈರ್ ತಂದು ರೂಟರಿನಿಂದ ಕಂಪ್ಯೂಟರಿಗೆ ನೇರ ಹಾಕಿ. ವೈರಿನಲ್ಲಿ ಓಡಿ ಗಾಳಿಯಲ್ಲಿ ಓಡದಿದ್ದರೆ ತಪ್ಪು ವೈಫೈಯದು, ವಿಂಡೋಸನ್ನು ಪೂರಾ ಒರೆಸಿಹಾಕಲು ಕಾರಣವೇ ಇಲ್ಲ. ಆ ರಿಪೇರಿಯವನ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಹೊಸ ಡಾಂಗಲ್ ಇತ್ತು, ಬಿಲ್ ಬುಕ್ ಇತ್ತು. ಲ್ಯಾನ್ ವೈರ್ ಇರಲಿಲ್ಲ.

ಉಳಿದ ಸಣ್ಣಪುಟ್ಟ ಕಾರಣಗಳನ್ನು ಓಡುತ್ತಾ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಗೊತ್ತಿಲ್ಲದೆ ಏರೋಪ್ಲೇನ್ ಗುಂಡಿ ಒತ್ತಿಹೋಗಿರುತ್ತದೆ. ರೂಟರ್ ಬದಲಾದಾಗ ಡಬ್ಲ್ಯುಪಿಎ 3 ಎಂಬ ಹೊಸ ಬೀಗ ಮಾತ್ರ ಹಾಕಿದ್ದರೆ ಹಳೆಯ ಕಾರ್ಡುಗಳಿಗೆ ಅದರ ಕೀಲಿ ತಿಳಿಯುವುದಿಲ್ಲ, 2 ಮತ್ತು 3 ಎರಡೂ ಇರುವಂತೆ ಮಾಡಬೇಕು. ಕರೆಂಟ್ ಉಳಿಸುವ ನೆಪದಲ್ಲಿ ವಿಂಡೋಸೇ ವೈಫೈ ಕಾರ್ಡನ್ನು ಮಲಗಿಸುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಪುಟಕ್ಕೆ ಹೋಗಿ ಟಿಕ್ ತೆಗೆದರೆ ಮುಗಿಯಿತು.

ರೂಟರ್ ಇಡುವ ಜಾಗದ ವಿಷಯ ಮಾತ್ರ ಓಡಿಸಿಕೊಂಡು ಹೋಗಲಾರೆ, ಯಾಕೆಂದರೆ ಅದು ಶುದ್ಧ ಸೋಮಾರಿತನದ ಕಥೆ. ಫೈಬರ್ ವೈರು ಯಾವ ಕಿಟಕಿಯಿಂದ ಒಳಗೆ ಬಂತೋ ಅಲ್ಲೇ, ಅದರ ಕೆಳಗೇ ರೂಟರನ್ನು ಬಡಿದು ಹೋಗುತ್ತಾರೆ. ಐದು ಮೀಟರ್ ವೈರ್ ಉಳಿಯಿತಲ್ಲ! ಟಿವಿ ಹಿಂದೆ, ಶೋಕೇಸಿನ ಒಳಗೆ, ಸಜ್ಜಾದ ಮೇಲೆ ಅಕ್ಕಿ ಡಬ್ಬದ ಪಕ್ಕ, ಎಲ್ಲ ನೋಡಿದ್ದೇನೆ. ರೂಟರಿಗೂ ಕಂಪ್ಯೂಟರಿಗೂ ನಡುವೆ ಕಬ್ಬಿಣದ ಬೀರು ನಿಂತಿದ್ದರೆ ಅಲೆ ಅದಕ್ಕೆ ಬಡಿದು ಹಿಂದಕ್ಕೆ ಹೋಗುತ್ತದೆ. ನೀರು ತುಂಬಿದ ಡ್ರಮ್ಮು, ಕಲ್ಲಿನ ಗೋಡೆ, ಕಂಬಿ ತುಂಬಿದ ಕಾಂಕ್ರೀಟ್ ಎಲ್ಲವೂ ಅಲೆಯನ್ನು ನುಂಗುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಇಷ್ಟನ್ನು ಮನೆಯವರಿಗೆ ಹೇಳಿ, 'ಅಮ್ಮಾ, ಕಂಪ್ಯೂಟರ್ ಎಲ್ಲಿದೆ?' ಎಂದು ಕೇಳಿ, ಮನೆಯ ಮಧ್ಯಕ್ಕೆ ಎದೆಯೆತ್ತರದಲ್ಲಿ ಹಾಕಿಕೊಡುವುದು ಐದು ನಿಮಿಷದ ಕೆಲಸ.

ಲಗ್ಗೆರೆಯಂಥ ಕಡೆ ನೆರೆಹೊರೆಯ ಗದ್ದಲ ಬೇರೆ. ಕೇಂದ್ರ ಸರ್ಕಾರ 2005ರಲ್ಲಿ 2.4 ಗಿಗಾಹರ್ಟ್ಸನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು, ಒಳ್ಳೆಯದೇ ಆಯಿತು. ಆದರೆ ಅದು ಎಲ್ಲರೂ ಓಡಾಡುವ ಒಂದೇ ಓಣಿ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. ಲೆಕ್ಕಕ್ಕೆ ಹದಿಮೂರು ಚಾನೆಲ್ ಇದ್ದರೂ ಪಕ್ಕಪಕ್ಕದವು ಒಂದರ ಮೇಲೊಂದು ಬೀಳುವುದರಿಂದ ಜಗಳವಿಲ್ಲದೆ ಕೂರುವುದು 1, 6, 11 ಎಂಬ ಮೂರು ಮಾತ್ರ. ನನ್ನ ಮನೆಯ ಕೋಣೆಯಲ್ಲಿ ಇಪ್ಪತ್ತೆರಡು ವೈಫೈ ಹೆಸರು ಕಾಣುತ್ತವೆ! ಒಬ್ಬೊಬ್ಬ ತಂತ್ರಜ್ಞನೂ ಡಬ್ಬಿಯಲ್ಲಿ ಬಂದದ್ದು ಬಂದ ಹಾಗೇ ಇಟ್ಟುಹೋದರೆ ಬೀದಿಗೆ ಬೀದಿಯೇ ಒಂದೇ ಚಾನೆಲ್ಲಿನಲ್ಲಿ ಕಿರುಚಾಡಬೇಕಾಗುತ್ತದೆ.

ಇನ್ನು ನಮ್ಮ ಪತ್ರಿಕೆಯ ಓದುಗರು ಕೇಳಲೇಬೇಕಾದ ಮಾತು. ನಾನು ಫೋನ್ ಮಾಡಿದಾಗ ಕನ್ನಡಕ್ಕೆ ಎರಡು ಒತ್ತಿ ಎಂದರು, ಒತ್ತಿದೆ. ಆ ಕಡೆಯಿಂದ ಬಂದದ್ದು 'ಹಾಂ ಜೀ, ಬೋಲಿಯೇ'! ಆ ಹುಡುಗನನ್ನು ನಾನು ದೂರುವುದಿಲ್ಲ, ಅವನು ಹೊಟ್ಟೆಪಾಡಿಗೆ ಕೂತವನು. ಕನ್ನಡದ ಸಾಲಿನಲ್ಲಿ ಕನ್ನಡ ಬಾರದವನನ್ನು ಕೂರಿಸಿದ ಮಹಾನುಭಾವರನ್ನು ದೂರುತ್ತೇನೆ. ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ರಿಪೇರಿಯ ಪ್ರಶ್ನೆ. ನಾನು ಹೇಳಿದ್ದು: 'ಸಿಗ್ತದೆ, ಆದ್ರೆ ನಿಲ್ಲಲ್ಲ. ಫೋನಲ್ಲಿ ಚೆನ್ನಾಗಿದೆ, ಕಂಪ್ಯೂಟರಲ್ಲಿ ಮಾತ್ರ ಎರಡು ನಿಮಿಷಕ್ಕೊಂದ್ಸಲ ಬೀಳ್ತದೆ.' ಈ ಎರಡು ಸಾಲಿನಲ್ಲಿ ಅರ್ಧ ರೋಗ ಪತ್ತೆಯಾಗಿತ್ತು. ಸಿಗುತ್ತದೆ ಎಂದರೆ ರೂಟರ್ ಬದುಕಿದೆ, ಪಾಸ್‌ವರ್ಡ್ ಸರಿಯಿದೆ. ಫೋನ್ ಓಡುತ್ತದೆ ಎಂದರೆ ಫೈಬರ್ ಸರಿಯಿದೆ. ನಿಲ್ಲುವುದಿಲ್ಲ ಎಂದರೆ ಏನೋ ಗದ್ದಲವಿದೆ. ನನ್ನ ಹರಕು ಹಿಂದಿ, ಅವನ ಹರಕು ಇಂಗ್ಲಿಷ್ ಕೂಡಿ ದೂರಿನಲ್ಲಿ ದಾಖಲಾದದ್ದು ಎರಡೇ ಪದ: 'ನೋ ಇಂಟರ್‌ನೆಟ್'. ಆದ್ದರಿಂದಲೇ ಫೈಬರ್ ನೋಡುವ ಹುಡುಗ ಬಂದ, ಫೈಬರ್ ನೋಡಿದ, ಹೋದ. ಹೊಟ್ಟೆನೋವು ಎಂದವನನ್ನು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದ್ದು ಭಾಷೆ!

ಟ್ರಾಯ್ ಸಂಸ್ಥೆಯ 2012ರ ಗ್ರಾಹಕ ದೂರು ನಿಯಮಗಳ ಪ್ರಕಾರ ಫೋನಿನ ಮೊದಲ ಮೆಟ್ಟಿಲಲ್ಲೇ ಭಾಷೆ ಆರಿಸಿಕೊಳ್ಳುವ ಅವಕಾಶ ಇರಬೇಕು, ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಪುಕ್ಕಟೆ ಅಪೀಲು ಹಾಕಬಹುದು, ಅವರು 39 ದಿನದಲ್ಲಿ ತೀರ್ಮಾನ ಮಾಡಬೇಕು. ಭಾಷೆ ಆರಿಸಲು ಗುಂಡಿ ಇಟ್ಟು, ಗುಂಡಿಯ ಆಚೆ ಆ ಭಾಷೆಯನ್ನೇ ಇಡದಿರುವುದು ನಿಯಮ ಪಾಲನೆಯೋ, ಕಿವಿ ಮೇಲೆ ಹೂವೋ? ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. 'ಪರಿಹರಿಸಲಾಗಿದೆ' ಎಂಬ ಸುಳ್ಳು ಮೆಸೇಜ್ ಬಂದ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ನಾನು ಆಗ ಇದನ್ನು ಮಾಡಲಿಲ್ಲ, ಒಂಬತ್ತು ಫೋನಿಗೂ ನನ್ನ ಹತ್ತಿರ ಪುರಾವೆ ಇಲ್ಲ.

ಕಂಪನಿಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಸಂಪರ್ಕ ಕೊಡುವಾಗ ಡಬ್ಬಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಯಾವ ದೀಪದ ಅರ್ಥ ಏನು, ನಿಮ್ಮ ರೂಟರಿನ ವಿಳಾಸ ಏನು, ಫೋನ್ ಮಾಡುವ ಮೊದಲು ಏನೇನು ನೋಡಬೇಕು ಎಂದು ಒಂದು ಪುಟದಲ್ಲಿ ಹೇಳಿ. ರಿಪೇರಿ ಅಂಗಡಿಯವರಿಂದ ಕೇಳುವುದು ಇನ್ನೂ ಕಡಿಮೆ: ಫಾರ್ಮ್ಯಾಟ್ ಎಂಬ ಪದ ಬಾಯಿಂದ ಬರುವ ಮೊದಲು ಲ್ಯಾನ್ ವೈರ್ ಹಾಕಿ ತೋರಿಸಿ, ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಕಾಪಿ ಆಗಿದೆಯೇ ಎಂದು ಕೇಳಿ. ಕೇಳದವನ ಕೈಗೆ ಸಿಪಿಯು ಕೊಡಬೇಡಿ ಬಂಧುಗಳೇ, ಅವನು ಎಷ್ಟೇ ನಯವಾಗಿ ಸಾರ್ ಸಾರ್ ಎಂದರೂ!

ಮೇಷ್ಟ್ರ ಪುಸ್ತಕ ಎರಡೂವರೆ ತಿಂಗಳು ತಡವಾಗಿ ಬಂತು. ಮೊದಲು ಗೊತ್ತಾಗಿದ್ದ ಬಿಡುಗಡೆ ಸಮಾರಂಭ ರದ್ದಾಯಿತು. ಮೈಸೂರಿನ ಮನೆಯಲ್ಲಿ ಹಳೇ ಪ್ರೂಫ್ ಹಾಳೆಗಳನ್ನು ಮೊಮ್ಮಗಳು ಎಸೆಯದೆ ಇಟ್ಟಿದ್ದಳು. ಅದರಲ್ಲಿದ್ದ ಕೆಂಪು ಶಾಯಿಯ ಗುರುತುಗಳನ್ನು ನೋಡಿಕೊಂಡು ತಿದ್ದಿದ್ದನ್ನೆಲ್ಲ ಮತ್ತೆ ತಿದ್ದಿದೆ. ಮೇಷ್ಟ್ರು ಮತ್ತೆ ಓದಿದರು.

ಆ ಹಾಳೆ ಕಂಪನಿಯವರು ಕೊಡುವವರೆಗೆ ಕಾಯುವುದು ಬೇಡವೆಂದು ನಾನೇ ಒಂದು ಅಚ್ಚು ಹಾಕಿದೆ. ಕಟಿಂಗ್‌ನಲ್ಲಿ ಉಳಿದ ಕಾಗದದಲ್ಲಿ ಐನೂರು ಪ್ರತಿ, ಒಂದೇ ಬಣ್ಣ, ಅಂಗೈಯಗಲ. ದೀಪ ನೋಡು, ಫೋನ್ ಅಲ್ಲೇ ಇಟ್ಟು ನೋಡು, ವಿಳಾಸ ನೋಡು, ರೂಟರಿಗೆ ಪಿಂಗ್ ಹೊಡೆ, ವೈರ್ ಹಾಕಿ ನೋಡು, ಹೊಸದಾಗಿ ಏನು ಚುಚ್ಚಿದೆ ನೆನಪಿಸಿಕೋ. ನಮ್ಮ ಬೀದಿಯ ಮನೆಗಳಿಗೆ ಹಂಚಿದೆ. ಮೊನ್ನೆ ಕೆಳಗಿನ ಮನೆಗೆ ಬಂದಿದ್ದ ಕಂಪನಿಯ ಹುಡುಗನೊಬ್ಬ ಗೋಡೆಯ ಮೇಲೆ ಅಂಟಿಸಿದ್ದನ್ನು ಓದಿ, ಮೇಲೆ ಹತ್ತಿ ಬಂದು 'ಅಣ್ಣಾ, ಇದು ಇನ್ನೂ ಇದ್ರೆ ಕೊಡಿ' ಎಂದು ಇಪ್ಪತ್ತು ಪ್ರತಿ ಇಸಿದುಕೊಂಡು ಹೋದ. ಅದರ ಮೇಲೆ ನನ್ನ ಪ್ರೆಸ್ಸಿನ ಹೆಸರು ಹಾಕಿಲ್ಲ. ಯಾರು ಬೇಕಾದರೂ ಮರುಮುದ್ರಣ ಮಾಡಿಕೊಳ್ಳಬಹುದು.